ಆರಿದ ಅಗ್ಗಿಷ್ಟಿಗೆ

2024ರ ಡಿಸೆಂಬರ್ 9, ಬೆಳಿಗ್ಗೆ 9.40. ತಿಕೋಟಾ ಠಾಣೆಯ ಮೆಟ್ಟಿಲು ಹತ್ತಿ ಬಂದ ಐಶ್ವರ್ಯ ಎಂಬ ಹೆಣ್ಣುಮಗಳ ಸೀರೆಯ ಮೇಲೆ ರಕ್ತದ ಕಲೆ ಇನ್ನೂ ಹಾಗೆಯೇ ಇತ್ತು. ಆಕೆಯ ಗಂಡ ಅರುಣಕುಮಾರ ಕಳ್ಳಕವಟಗಿಯಲ್ಲಿ ದ್ರಾಕ್ಷಿ ಬೆಳೆಯುವ ದೊಡ್ಡ ರೈತ. ಆ ದಿನ ನಸುಕಿನಲ್ಲಿ ತೋಟಕ್ಕೆ ನುಗ್ಗಿದ ಕಾಡುಹಂದಿಗೆ ಗುಂಡು ಹಾರಿಸಲು ಹೋದಾಗ ಬಂದೂಕೇ ಸಿಡಿದು, ಎಡಗೈಯ ಮೂರು ಬೆರಳು ಮತ್ತು ಒಂದು ಕಣ್ಣು ಹೋಗಿದ್ದವು.

"ಯಾರ ಮ್ಯಾಲರ ಸಂಶಯ ಐತೇನ್ರಿ?" ಸಬ್ ಇನ್ಸ್‌ಪೆಕ್ಟರ್ ಸೌಭಾಗ್ಯ ಕೇಳಿದರು.

"ನಮ್ಮ ಮಾವನವರ ಕಾಲದ ಬಂದೂಕರಿ. ಒಂದಿನಾನೂ ಹಿಂಗ ಆಗಿದ್ದಿಲ್ಲ. ಯಾರೋ ಏನೋ ಮಾಡ್ಯಾರ್ರಿ."

10.15ಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದೊಳಗೆ ತೋಟದ ಮನೆಯಲ್ಲಿ ಪಂಚನಾಮೆಯೂ ಮುಗಿಯಿತು. ಸಿಡಿದ ಒಂಟಿ ನಳಿಗೆಯ ಬಂದೂಕು, ಸೀಳಿದ ಒಂದು ಹಿತ್ತಾಳೆಯ ಕವಚ, ಡಬ್ಬಿಯಲ್ಲಿ ಉಳಿದಿದ್ದ ಹನ್ನೊಂದು ಕಾಡತೂಸುಗಳನ್ನು ಜಪ್ತಿ ಮಾಡಲಾಯಿತು. ಶೆಡ್ಡಿನ ಹಿಂದೆ ಎರಡು ಜೊತೆ ಚಿಗರಿ ಜಿಂಕೆಯ ಕೊಂಬುಗಳೂ ಸಿಕ್ಕವು. ಹಂದಿಗೆ ಅಂತಹ ಕೊಂಬು ಇರುವುದಿಲ್ಲ ಎಂಬುದು ತಿಕೋಟಾ ಪೊಲೀಸರಿಗೂ ಗೊತ್ತು. ಅರಣ್ಯ ಇಲಾಖೆಗೆ ಬೇರೆ ಪತ್ರ ಹೋಯಿತು.

ಹೆಡ್ ಕಾನ್‌ಸ್ಟೆಬಲ್ ಮಶಾಕಸಾಬ ಹನ್ನೆರಡು ವರ್ಷ ಜಿಲ್ಲಾ ಶಸ್ತ್ರಾಗಾರದಲ್ಲಿ ದುಡಿದವರು. ಒಂದು ಕಾಡತೂಸನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಮೇಡಂ, ಇದು ಅಂಗಡಿ ಮಾಲಲ್ಲ. ಖಾಲಿ ಕವಚಕ್ಕ ಮತ್ತ ಮದ್ದು ತುಂಬ್ಯಾರ. ತುಂಬಿದಾಂವ ಭಾಳ ನಾಜೂಕಿನ ಮನಷ್ಯಾ."

ಸಂಜೆ ವಿಜಯಪುರದ ಆಸ್ಪತ್ರೆಯಲ್ಲಿ ಅರುಣಕುಮಾರನ ಹೇಳಿಕೆ ಪಡೆದರು.

"ಕಾಡತೂಸು ಎಲ್ಲಿಂದ ತಂದ್ರಿ?"

"ಅಂಗಡಿಯಿಂದರಿ."

"ಯಾವ ಅಂಗಡಿ?"

"ನೆನಪಿಲ್ಲರಿ."

"ನಿಮ್ಮ ಲೈಸೆನ್ಸ್ ಪುಸ್ತಕದಾಗ ಎರಡು ವರ್ಷದಿಂದ ಒಂದೂ ಖರೀದಿ ಇಲ್ಲಲ್ಲ?"

ಅರುಣಕುಮಾರ ಉಳಿದ ಒಂದು ಕಣ್ಣನ್ನೂ ಮುಚ್ಚಿಕೊಂಡ. "ತಲಿ ನೋಯಾಕತ್ತೈತ್ರಿ" ಎಂದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳುತ್ತಾನೆ, ಈತ ತಲೆ ಮುಟ್ಟಿಕೊಂಡ. ಮದ್ದು ತುಂಬಿದವನ ಹೆಸರು ಹೇಳಿದರೆ ತಾನೂ ಒಳಗೆ ಹೋಗಬೇಕಾಗುತ್ತದೆ ಎಂಬ ಲೆಕ್ಕ ಆ ನೋವಿನಲ್ಲೂ ಅವನಿಗಿತ್ತು.

ಡಿಸೆಂಬರ್ 17ಕ್ಕೆ ಪ್ರಯೋಗಾಲಯದ ವರದಿ ಬಂತು. ಹನ್ನೊಂದು ಕಾಡತೂಸುಗಳ ಪೈಕಿ ಹತ್ತರಲ್ಲಿ ಮದ್ದಿನ ತೂಕ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಒಂದೇ ಆಗಿತ್ತು. ಹನ್ನೊಂದನೆಯದರಲ್ಲಿ ಸರಿಯಾಗಿ ಎರಡು ಪಟ್ಟು.

"ಕೈ ತಪ್ಪಿ ಎರಡು ಸಲ ಬಿದ್ದಿರಬಹುದಲ್ರಿ?" ಎಂದರು ಸೌಭಾಗ್ಯ.

ಮಶಾಕಸಾಬ ಇಲ್ಲವೆಂದು ತಲೆಯಾಡಿಸಿದರು. "ಗಡಬಡಿಯೊಳಗ ತುಂಬಾವ್ರು ಅಳತಿ ಬಟ್ಟಲದಿಂದ ಸುರೀತಾರ್ರಿ. ಕೆಲಸ ಲಗೂನ ಆಗತೈತಿ, ಆದ್ರ ಒಂದು ಹೆಚ್ಚು, ಒಂದು ಕಡಿಮಿ. ಇಂವ ಬಟ್ಟಲದಾಗ ಜರಾ ಕಡಿಮಿ ಹಿಡದು, ಉಳದದ್ದು ತ್ರಾಸಿನ ಮ್ಯಾಲ ಕಾಳು ಕಾಳು ಉದುರಿಸಿ ಸಮ ಮಾಡ್ಯಾನ. ಎರಡು ಪಟ್ಟು ಆಗಿದ್ದನ್ನೂ ತೂಗ್ಯಾನ. ಕೈ ತಪ್ಪಿದ್ರ ಇಷ್ಟು ಬರೋಬ್ಬರಿ ತಪ್ಪೂದಿಲ್ಲ ಮೇಡಂ."

ವರದಿಯ ಜೊತೆ ಒಂದು ಪಾಕೀಟು ಇತ್ತು. ಸೀಸದ ಚರೆ ಉದುರದಂತೆ ಕಾಡತೂಸುಗಳ ಬಾಯಿಗೆ ಮುಚ್ಚಿದ್ದ ದುಂಡನೆಯ ರಟ್ಟಿನ ಬಿಲ್ಲೆಗಳು ಅವು. ಮೇಜಿನ ಮೇಲೆ ತಿರುವಿ ಹಾಕಿ ಜೋಡಿಸಿದರೆ ಬಂಗಾರದ ಬಣ್ಣದ ಅಕ್ಷರಗಳು ಕಂಡವು. ಒಂದರಲ್ಲಿ "ಚಿ. ಸೌ. ಲಕ್ಷ್ಮಿ", ಇನ್ನೊಂದರಲ್ಲಿ "ಪತ್ತಾರ", ಮೂರನೆಯದರಲ್ಲಿ "ಬಬಲೇಶ್ವರ". ಮಗಳ ಮದುವೆಯಲ್ಲಿ ಹಂಚಿ ಉಳಿದ ಪತ್ರಿಕೆಯನ್ನು ಎಸೆಯಲು ಆ ಮನುಷ್ಯನಿಗೆ ಮನಸ್ಸು ಬಂದಿರಲಿಲ್ಲ.

ಮರುದಿನ 11.20ಕ್ಕೆ, ಸ್ಥಳೀಯ ಠಾಣೆಗೆ ತಿಳಿಸಿ, ಇಬ್ಬರೂ ಬಬಲೇಶ್ವರದಲ್ಲಿ ಲಕ್ಷ್ಮಿಯ ತಂದೆ, ಅಕ್ಕಸಾಲಿಗ ಹಣಮಂತ ಪತ್ತಾರನ ಮನೆಗೆ ಹೋದರು. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಎಂಬ ಮಾತು ಈತನ ಮಟ್ಟಿಗೆ ಸುಳ್ಳು ಎಂದು ಊರೇ ಹೇಳುತ್ತಿತ್ತು. ಮುಂದಿನ ಕೋಣೆ ಅಂಗಡಿ, ಹಿಂದೆ ಎರಡು ಸಣ್ಣ ಕೋಣೆ. ಗಾಜಿನ ಪೆಟ್ಟಿಗೆಯೊಳಗೆ ತ್ರಾಸು, ಪಕ್ಕದಲ್ಲಿ ಅರೆಬರೆ ಮಾಡಿಟ್ಟ ಬೆಂಡೋಲೆ.

"ಅರುಣಕುಮಾರನ ಗುರುತು ಐತೇನ್ರಿ?"

"ಗಿರಾಕಿ ಭಾಳ ಮಂದಿ ಬರತಾರ್ರಿ."

"ಕಾಡತೂಸು ತುಂಬತೀರೇನು?"

"ನಾ ಬಂಗಾರ ತೂಗಾಂವರಿ."

"ಕುಲುಮಿ ಯಾಕ ತಣ್ಣಗೈತಿ? ಬೆಂಡೋಲಿ ಅರ್ಧಕ್ಕ ನಿಂತಾವಲ್ಲ?"

ಹಣಮಂತನ ಕಣ್ಣು ಒಳಗಿನ ಬಾಗಿಲಿನ ಕಡೆ ಹೋಗಿ ಬಂತು. ಒಳಗೆ ಕೂಸು ಅಳುತ್ತಿತ್ತು.

ಮಶಾಕಸಾಬರನ್ನು ಅಲ್ಲಿಯೇ ನಿಲ್ಲಿಸಿ ಸೌಭಾಗ್ಯ ಒಳಗೆ ಹೋದರು. ಹೊರಸಿನ ಮೇಲೆ ಬಾಣಂತಿ ಲಕ್ಷ್ಮಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಮುದುಡಿ ಮಲಗಿದ್ದಳು. ಕೂಸಿಗೆ ಮೂರು ಕೌದಿ ಹೊದಿಸಿದ್ದರು. ಡಿಸೆಂಬರ್ ಚಳಿಯಲ್ಲಿ, ಬಾಣಂತಿ ಕೋಣೆಯಲ್ಲಿ, ಹೊರಸಿನ ಕೆಳಗೆ ಕೆಂಡವಿಲ್ಲ, ಲೋಬಾನದ ವಾಸನೆಯಿಲ್ಲ. ಸೌಭಾಗ್ಯ ಸ್ವತಃ ಎರಡು ಹಡೆದವರು. ತವರಿನ ಹೊಗೆಯಲ್ಲಿ ನಲವತ್ತು ದಿನ ಕಣ್ಣು ಉರಿಸಿಕೊಂಡದ್ದು ನೆನಪಾಯಿತು.

"ಅಗ್ಗಿಷ್ಟಿಗಿ ಎಲ್ಲಿ ಯಕ್ಕಾ?"

ಹಣಮಂತನ ಹೆಂಡತಿ ಕಾಳವ್ವನಿಗೆ ಕೇಳುವವರು ಸಿಕ್ಕರೆ ಸಾಕಾಗಿತ್ತು. "ಏನ್ ಹೇಳಲೆ ಯವ್ವಾ! ಮಗಳು ಹಡದು ಹದಿನೆಂಟು ದಿನಾತು. ಬೆಂಕಿ ಹಚ್ಚಬ್ಯಾಡ, ಲೋಬಾನ ಹಾಕಬ್ಯಾಡ ಅಂತಾರ ಇವರು. ಅಡಿಗಿ ಒಲಿ ಸೈತ ಹಿತ್ತಲಕ್ಕ ಹಾಕ್ಸ್ಯಾರ. ಬಾಣಂತಿಗೆ ಬೆಂಕಿ ಕೊಡದ ಅಪ್ಪನ್ನ ಯಾರರ ನೋಡಿರೇನು? ಓಣಿ ಮಂದಿ ಬಾಯಿಗೆ ಬಂದಂಗ ಅಂತಾರ."

ಹೊರಸಿನ ತಲೆದೆಸೆಗೆ ಒಂದು ಗೋಡೆಗೂಡು ಇತ್ತು. ಮನೆಯಲ್ಲಿ ಬಂಗಾರದ ಪೆಟ್ಟಿಗೆಗೂ ಬೀಗ ಇರಲಿಲ್ಲ, ಆ ಗೂಡಿಗೆ ಇತ್ತು. ಸೌಭಾಗ್ಯ ಬೀಗವನ್ನು ಮುಟ್ಟಲಿಲ್ಲ. ಸದ್ದಿಲ್ಲದೆ ಹೊರಗೆ ಬಂದರು.

"ಮದ್ದು ಮಗಳ ತಲಿ ಹತ್ರ ಇಟ್ಟೀರೇನ್ರಿ?"

ಹಣಮಂತನ ಮುಖ ಒಮ್ಮೆಲೇ ಸಡಿಲವಾಯಿತು. "ಮೊದಲ ಮಗಳನ್ನ, ಕೂಸನ್ನ ಹೊರಗ ಕರೀರಿ ಯವ್ವಾ. ಆಮ್ಯಾಲ ಎಲ್ಲಾ ಹೇಳತೀನಿ."

ಬಾಣಂತಿಯನ್ನು ಪಕ್ಕದ ಮನೆಗೆ ಕಳಿಸಿದರು. ಸ್ಫೋಟಕ ನಿಷ್ಕ್ರಿಯ ದಳಕ್ಕೆ ಫೋನು ಹೋಯಿತು. ಬೇವಿನ ಮರದ ಕೆಳಗೆ ನಿಂತು ಹಣಮಂತ ಹೇಳಿದ, ಮಶಾಕಸಾಬ ಬರೆದುಕೊಂಡರು.

ಲಾಕ್‌ಡೌನಿನಲ್ಲಿ ಕೆಲಸವಿಲ್ಲದೆ ಕುಳಿತಾಗ ಅರುಣಕುಮಾರ ಬಂದು ಒಂದು ಡಜನ್ ತುಂಬಿಸಿಕೊಂಡು ಹೋದ. ಲೈಸೆನ್ಸ್ ಪುಸ್ತಕಕ್ಕೆ ಏರದ ಕಾಡತೂಸು ಅವನಿಗೆ ಬೇಕಿತ್ತು. ಆಮೇಲೆ ಮದ್ದಿನ ಡಬ್ಬಿಗಳನ್ನೂ ತಂದು ಇಲ್ಲಿಯೇ ಇಟ್ಟ. ಒಲ್ಲೆ ಎಂದಾಗ, "ಮದ್ದು ಸಿಕ್ಕಿದ್ದು ಯಾರ ಮನ್ಯಾಗ ಅಂತ ಕೇಳತಾರ ಪೊಲೀಸರು, ನನ್ನ ಮನ್ಯಾಗಂತೂ ಇಲ್ಲ" ಎಂದು ನಕ್ಕ. ಅವತ್ತಿನಿಂದ ನಾಲ್ಕು ವರ್ಷ ಅದು ಬಾಯಲ್ಲಿ ಬಿಸಿ ತುಪ್ಪ, ಉಗುಳುವಂತಿಲ್ಲ, ನುಂಗುವಂತಿಲ್ಲ.

"ಮಗಳು ಹಡದ ಮರದಿನ ಕಾಲು ಹಿಡಕೊಂಡೆನ್ರಿ. ಕೂಸು ಐತಿ, ಬೆಂಕಿ ಹಚ್ಚಬೇಕು, ಒಯ್ಯಪಾ ಅಂದೆ. ಇನ್ನೊಂದು ಡಬ್ಬಿ ತಂದಿಟ್ಟು, ಮತ್ತೊಂದು ಡಜನ್ ತುಂಬಿಸಿಕೊಂಡು ಹೋದ."

"ಎಲ್ಲೆರ ಒಗೀಬೇಕಿತ್ತು" ಎಂದರು ಸೌಭಾಗ್ಯ.

"ಎಲ್ಲಿ ಒಗೀಲಿ? ಹೊರಗ ಒಯ್ದ್ರ ಮಂದಿ ನೋಡತಾರ. ಠಾಣೆಕ್ಕ ಬಂದ್ರ ನಾನೂ ಕಳ್ಳನ. ಮಗಳ ಗಂಡನ ಮನಿಯವ್ರು ಏನಂತಾರ? ದಿನಾ ರಾತ್ರಿ ಗೂಡಿಗೆ ಬೆನ್ನು ಕೊಟ್ಟು ಕುಂತೇನ್ರಿ."

"ಸಾಯಲಿ ಅಂತ ತುಂಬಿದ್ರೇನು?"

"ಬಂದೂಕು ಹಾಳಾದ್ರ ಸಾಕು ಅಂದುಕೊಂಡಿದ್ನಿ." ಹಣಮಂತನೇ ಮುಂದೆ ಸೇರಿಸಿದ. "ಸುಳ್ಳು ಯಾಕ ಹೇಳಲಿ? ಸತ್ರ ಸಾಯಲಿ ಅಂತನೂ ಅನಿಸಿತ್ರಿ. ಆ ಡಜನ್ನಿನಾಗ ಎರಡು ಕಾಡತೂಸಿಗೆ ಡಬಲ್ ಹಾಕಿದೆ."

"ಹಾಳ ಮಾಡೂದನ್ನೂ ತೂಗಿ ಹಾಕಿದ್ರಲ್ರಿ?" ಮಶಾಕಸಾಬ ಬರೆಯುವುದನ್ನು ನಿಲ್ಲಿಸಿ ಕೇಳಿದರು.

"ತೂಗಲಾರ್ದ ನನ್ನ ಕೈ ಏಳೂದಿಲ್ಲ ಸಾಹೇಬ್ರ."

3.30ರ ಹೊತ್ತಿಗೆ ದಳದವರು ನಾಲ್ಕು ಡಬ್ಬಿಗಳನ್ನು ಹೊರಗೆ ಸಾಗಿಸಿದರು. 4.20ಕ್ಕೆ ಹಣಮಂತನ ಬಂಧನವಾಯಿತು. ಆಸ್ಪತ್ರೆಯಲ್ಲಿದ್ದ ಅರುಣಕುಮಾರನ ಮೇಲೂ ಶಸ್ತ್ರಾಸ್ತ್ರ ಕಾಯ್ದೆಯಡಿ ಬೇರೆ ಪ್ರಕರಣ ದಾಖಲಾಯಿತು. ಸೌಭಾಗ್ಯರಿಗೆ ಆ ಎರಡನೆಯ ಎಫ್‌ಐಆರ್ ಬರೆಯುವಾಗಷ್ಟೇ ಕೈ ಚುರುಕಾಯಿತು. ಮೊದಲನೆಯದರಲ್ಲಿ ಆರೋಪಿಯ ಹೆಸರು ಸೇರಿಸುವಾಗ ಅವರಿಗೆ ಸಂಕಟವಾಗಿತ್ತು.

ಅದಕ್ಕೂ ಮೊದಲು, ಹಣಮಂತ ಜೀಪು ಹತ್ತುವಾಗ ಓಣಿಗೆ ಓಣಿಯೇ ನೆರೆದಿತ್ತು. ಲಕ್ಷ್ಮಿ ಕೂಸನ್ನು ಎದೆಗವಚಿಕೊಂಡು ಪಕ್ಕದ ಮನೆಯ ಹೊಸ್ತಿಲಲ್ಲಿ ನಿಂತಿದ್ದಳು. ಅಪ್ಪನನ್ನು ಏನು ಕೇಳಬೇಕೋ ತಿಳಿಯದೆ ಸೌಭಾಗ್ಯರ ಕಡೆ ತಿರುಗಿದಳು.

"ಮೇಡಂ, ಕೂಸಿನ ಕಾಲು ತಣ್ಣಗಾಗ್ಯಾವ್ರಿ. ಇನ್ನರ ನಮ್ಮ ಮನ್ಯಾಗ ಬೆಂಕಿ ಹಚ್ಚಬಹುದೇನ್ರಿ?"

ಸೌಭಾಗ್ಯ ಬಾಯಿ ತೆರೆಯುವ ಮೊದಲೇ ಜೀಪಿನೊಳಗಿಂದ ಹಣಮಂತ ಕೂಗಿ ಹೇಳಿದ.

"ಹಚ್ಚವ್ವಾ. ಈಗ ಹಚ್ಚು."