ಒಣಗುವವರೆಗೆ ತುಳಿಯಬೇಡಿ

ತರಕಾರಿ ಚೀಲ ಹಿಡಿದು ತನ್ನ ಮನೆಯೇ ಆಗಿದ್ದ ಮೋಟರ್‌ಹೋಮಿನೊಳಗೆ ಕಾಲಿಟ್ಟ ಅವಳಿಗೆ ಮೊದಲು ಕಂಡದ್ದು ಎರಡು ಕಾಲುಗಳು. ಗಂಡಸಿನ ಕಾಲುಗಳು. ಅವಳ ಬಾತ್‌ರೂಮಿನ ಬಾಗಿಲಿನಿಂದ ಹೊರಗೆ ಚಾಚಿಕೊಂಡಿದ್ದವು.

"ಯಾರ್ರೀ ಅದು?"

"ಒಂದ್ನಿಮಿಷ ಸುಮ್ನಿರಿ," ಒಳಗಿನಿಂದ ದನಿ ಬಂತು. "ಸದ್ದು ಕೇಳ್ತಾ ಇದ್ದೀನಿ."

ಟಕ್... ಟಕ್... ಅವನು ಬೆರಳಿನ ಗೆಣ್ಣಿನಿಂದ, ಸ್ನಾನಕ್ಕೆ ನಿಲ್ಲುವ ಶವರ್ ಟ್ರೇ ತಟ್ಟುತ್ತಿದ್ದ.

ತನ್ನ ಮನೆಯಲ್ಲಿ ತನಗೇ ಸುಮ್ಮನಿರಿ ಅನ್ನುವವನನ್ನು ಅವಳು ಇದೇ ಮೊದಲು ನೋಡುತ್ತಿದ್ದಳು. ನೋಡುತ್ತಿದ್ದಳು ಅಂದರೆ, ಮುಖ ಇನ್ನೂ ಕಂಡಿರಲಿಲ್ಲ. ಅವನು ತೆವಳುತ್ತಾ ಹೊರಬಂದು ತಲೆ ಎತ್ತಿದಾಗ ಬಯ್ಯಲು ತೆರೆದ ಬಾಯಿ ತೆರೆದೇ ಉಳಿಯಿತು. ಕೋಪವೇನೋ ಬಂತು. ಅದರ ಜೊತೆ ಕರೆಯದೆ ಇನ್ನೇನೋ ಬಂತು...

"ನಾನೇ ಕರೆಸಿದೆ ಕಣೆ ಪುಟ್ಟಿ," ಹಾಸಿಗೆಯ ಮೇಲಿಂದ ಚಿಕ್ಕಮ್ಮ ಹೇಳಿದರು. "ಎದುರಿನ ಶೆಡ್ಡಿನ ಹುಡುಗ. ಗಾಡಿ ರಿಪೇರಿ ಮಾಡ್ತಾನಂತೆ."

"ಟ್ರೇ ಕೆಳಗೆ ಪೊಳ್ಳು," ಅವನೆಂದ. "ನಿಂತಾಗಲೆಲ್ಲ ಬಾಗುತ್ತೆ. ಬಾಗಿ ಬಾಗಿ ಸೀಳಿದೆ. ಈ ಬಿಳಿ ಅಂಟು ಬಳಿದಿದ್ದು ಯಾರು?"

"ನಾನು."

"ತುಂಬಾ ಪ್ರೀತಿಯಿಂದ ಬಳಿದಿದ್ದೀರಿ. ಪ್ರಯೋಜನ ಇಲ್ಲ."

ಚಿಕ್ಕಮ್ಮ ಕಿಸಕ್ಕನೆ ನಕ್ಕರು. ಅವಳು ತರಕಾರಿ ಚೀಲವನ್ನು ಬೇಕಾದ್ದಕ್ಕಿಂತ ಜೋರಾಗಿ ಕೆಳಗಿಟ್ಟಳು.

"ಸೋಮವಾರ ನಾನು ಬೇರೆ ಊರಲ್ಲಿ ಡ್ಯೂಟಿಗೆ ಸೇರಬೇಕು. ಅಷ್ಟರೊಳಗೆ ಆಗುತ್ತಾ?"

"ಆಗುತ್ತೆ. ಒಣಗುವವರೆಗೆ ಯಾರೂ ತುಳಿಯಬಾರದು, ಅಷ್ಟೇ."

ಅಷ್ಟೇ! ಆ ಮನೆಯಲ್ಲಿ ಅದೊಂದೇ ಆಗದ ಕೆಲಸ ಅಂತ ಪಾಪ, ಅವನಿಗೇನು ಗೊತ್ತು?

ಅವಳು ಬದಲಿ ನರ್ಸ್. ಯಾವುದೋ ಆಸ್ಪತ್ರೆಯಲ್ಲಿ ಯಾರೋ ಹೆರಿಗೆ ರಜೆಗೆ ಹೋದರೆ ಆ ಜಾಗಕ್ಕೆ ಇವಳು. ರಜೆ ಮುಗಿಯಿತೋ, ಗಾಡಿ ಸ್ಟಾರ್ಟು. ಹಿಂದೆ ಒಬ್ಬ ಇದ್ದ. ಮುಂದಿನ ತಿಂಗಳು ಮದುವೆ, ಮುಂದಿನ ತಿಂಗಳು ಮದುವೆ ಅನ್ನುತ್ತಾ ವರ್ಷಗಟ್ಟಲೆ ಕಾಯಿಸಿ, ಕೊನೆಗೆ ಬೇರೆಯವಳ ಕೈಹಿಡಿದ. ಅಂದಿನಿಂದ ಅವಳು ಯಾರಿಗಾಗಿಯೂ, ಯಾವುದಕ್ಕಾಗಿಯೂ ಕಾಯುತ್ತಿರಲಿಲ್ಲ. ಕಾಲು ಒಂದು ಕಡೆ ನಿಂತರೆ ಎದೆ ಢವಗುಟ್ಟುತ್ತಿತ್ತು. ಅದಕ್ಕೇ ಗಾಲಿ ಇರುವ ಮನೆ. ಸೊಂಟ ಮುರಿದು ಕೋಲು ಹಿಡಿದ ಚಿಕ್ಕಮ್ಮ ಸಾರ್ವಜನಿಕ ಸ್ನಾನದಮನೆಯ ಮೆಟ್ಟಿಲು ಹತ್ತಲಾರರು. ಆ ಟ್ರೇ ಸರಿಹೋಗದೆ ಗಾಡಿ ಹೊರಡುವಂತಿರಲಿಲ್ಲ.

ಅವನು ಹಳೆಯ ಅಂಟನ್ನು ಕೆರೆದು ತೆಗೆದ. ಸೀಳಿನ ಎರಡೂ ತುದಿಗೆ ಸಣ್ಣ ತೂತು ಕೊರೆದ. ಹಾಗೆ ಮಾಡದಿದ್ದರೆ ಸೀಳು ಮುಂದಕ್ಕೆ ಓಡುತ್ತದಂತೆ. ಗಾಜಿನ ನಾರಿನ ಬಟ್ಟೆ ಹಾಸಿ ಅದರ ಮೇಲೆ ರೆಸಿನ್ ಎಂಬ ಗಟ್ಟಿಯಾಗುವ ಅಂಟು ಬಳಿದ. ವಾಸನೆಗೆ ಒಳಗಿರಲಾಗದೆ ಅವಳು ಗಾಡಿಯ ಮೆಟ್ಟಿಲ ಮೇಲೆ ಕೂತಳು. ಅವನೂ ಬಂದು ಕೆಳಗಿನ ಮೆಟ್ಟಿಲಲ್ಲಿ ಕೂತ.

"ಎಷ್ಟು ಹೊತ್ತು ಬೇಕು?"

"ನೀವು ಹೀಗೆ ಕಾಲು ಕುಣಿಸ್ತಾ ಕೂತರೆ ಅದಕ್ಕೂ ಗಾಬರಿಯಾಗಿ ಬೇಗ ಒಣಗಬಹುದು."

ಅವಳಿಗೆ ನಗು ತಡೆಯಲಾಗಲಿಲ್ಲ. ಕಿಟಕಿಯ ಪರದೆ ಒಂದಿಷ್ಟು ಸರಿದದ್ದನ್ನು ಇಬ್ಬರೂ ನೋಡಲಿಲ್ಲ.

ಮಾರನೆಯ ದಿನ ತೇಪೆ ಎದ್ದು ಬಂದಿತ್ತು. ಅವನು ಹುಬ್ಬು ಗಂಟಿಕ್ಕಿ, ಮತ್ತೆ ಎಲ್ಲವನ್ನೂ ಉಜ್ಜಿ ತೆಗೆದು ಹೊಸದಾಗಿ ಹಾಕಿದ. ಮತ್ತೆ ಮೆಟ್ಟಿಲು, ಮತ್ತೆ ಮಾತು. ಯಾರಿಗೂ ಹೇಳದ ಆ 'ಮುಂದಿನ ತಿಂಗಳು' ಕಥೆಯನ್ನೂ ಅವಳು ಅವನಿಗೆ ಹೇಳಿಬಿಟ್ಟಳು. ಅವನು ಸಮಾಧಾನ ಮಾಡಲು ಬರಲಿಲ್ಲ. "ಅವನಿಗೆ ನಷ್ಟ," ಅಂದ, ಅಷ್ಟೇ. ಸಾಮಾನ್ಯವಾದ ಮಾತು. ಆದರೂ ಅವಳಿಗೆ ಆಮೇಲೆ ಯಾವ ಕೆಲಸದ ಮೇಲೂ ಮನಸ್ಸು ನಿಲ್ಲಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

'ಏನಾಗ್ತಿದೆ ನನಗೆ? ಬೇಡ... ಹೊರಟುಬಿಡಬೇಕು. ಬೇಗ ಹೊರಟುಬಿಡಬೇಕು.'

ಮರುದಿನ ನೋಡಿದರೆ ತೇಪೆ ಮತ್ತೆ ಕಿತ್ತಿತ್ತು!

ಅವಳ ತಾಳ್ಮೆಯ ಕಟ್ಟೆ ಒಡೆಯಿತು. "ಬೇಕಂತಲೇ ಮಾಡ್ತಿದ್ದೀರಾ?"

ಅವನು ಟ್ರೇ ಮೇಲೆ ಬಗ್ಗಿ ಏನನ್ನೋ ನೋಡುತ್ತಿದ್ದ. ನಿಧಾನವಾಗಿ ತಲೆ ಎತ್ತಿ ಚಿಕ್ಕಮ್ಮನ ಕಡೆ ನೋಡಿದ. ಚಿಕ್ಕಮ್ಮ ಕಿಟಕಿಯಾಚೆ ನೋಡತೊಡಗಿದರು.

"ಕೇಳ್ತಿರೋದು ನಿಮ್ಮನ್ನೇ. ನಾಳೆ ಆಗುತ್ತೆ, ನಾಳೆ ಆಗುತ್ತೆ ಅಂತ ಕಾಯಿಸೋಕೆ ಈ ನಾಟಕನಾ? ಎಲ್ಲಾ ಹೇಳಿದ್ನಲ್ಲ ನಿಮ್ಮ ಹತ್ರ... ಆಮೇಲೂ ಹೀಗೆ ಮಾಡೋಕೆ ಮನಸ್ಸಾದರೂ ಹೇಗೆ ಬಂತು?"

ಅವನ ಮುಖ ಬಿಳಿಚಿಕೊಂಡಿತು. ಇಲ್ಲ ಅನ್ನಲಿ ಅಂತ ಅವಳ ಜೀವ ಬಡಿದುಕೊಳ್ಳುತ್ತಿತ್ತು.

"ತಪ್ಪು ನನ್ನದೇ," ಅಂದ ಅವನು.

ಗಾಡಿಯ ಹೊರಬದಿಯಲ್ಲಿದ್ದ ಸಾಮಾನಿನ ಪೆಟ್ಟಿಗೆಯ ಬಾಗಿಲಿನಿಂದ ಕೈಹಾಕಿ ಟ್ರೇ ಕೆಳಗಿನ ಪೊಳ್ಳಿಗೆ ಹಲಗೆ ಕೂರಿಸಿದ, ಮೂರನೆಯ ಸಲ ತೇಪೆ ಹಾಕಿದ. ಇಡೀ ದಿನ ಬಾತ್‌ರೂಮಿನ ಹೊಸ್ತಿಲಲ್ಲೇ ಕಾವಲು ಕೂತ. ಶನಿವಾರ ಬೆಳಗ್ಗೆ ಬಂದು ಒತ್ತಿ ನೋಡಿ, "ಗಟ್ಟಿಯಾಗಿದೆ. ಹುಷಾರಾಗಿ ಹೋಗಿ," ಅಂದು ಶೆಡ್ಡಿಗೆ ನಡೆದ. ಅವಳು ತಿರುಗಿಯೂ ನೋಡದೆ ಗಾಡಿ ಹೊರಡಿಸಿದಳು.

ಹೆದ್ದಾರಿಗೆ ಬಂದ ಮೇಲೂ ಅವಳ ಬಾಯಿ ಸುಮ್ಮನಿರಲಿಲ್ಲ. ಮೋಸಗಾರ, ಮೈಗಳ್ಳ, ಅಂಟು ಬಳಿಯೋಕೂ ಬಾರದವನು... ಬಯ್ಯುತ್ತಲೇ ಇದ್ದಳು, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದಳು.

"ಸಾಕು ಮಾಡೇ," ಚಿಕ್ಕಮ್ಮ ತಡೆಯಲಾರದೆ ಅಂದರು. "ತುಳಿದದ್ದು ನಾನು."

"ಏನು?"

"ಎರಡು ಸಲಾನೂ ನಾನೇ. ನೀನು ನೀರು ತರೋಕೆ ಹೋದಾಗ ಒಳಗೆ ಹೋಗಿ ನಿಂತು ಚೆನ್ನಾಗಿ ಅದುಮಿದೆ. ಎರಡನೇ ಸಲ ಹಸಿ ರೆಸಿನ್ ಮೇಲೆ ನನ್ನ ಕೋಲಿನ ಗುರುತು ಉಳ್ಕೊಂಡಿತ್ತು, ದುಂಡಗೆ. ಆ ಹುಡುಗ ನೋಡಿದ. ನನ್ನನ್ನೂ ನೋಡಿದ. ನಿನ್ನ ಮುಂದೆ ನನ್ನ ಮಾನ ಉಳಿಸೋಕೆ ತಾನು ಬೈಸ್ಕೊಂಡ."

ಅವಳು ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು.

"ಯಾಕೆ ಚಿಕ್ಕಮ್ಮ?"

"ನೀನು ನಗೋದನ್ನ ಎಷ್ಟು ವರ್ಷದ ಮೇಲೆ ಕೇಳಿದೆ ಗೊತ್ತಾ? ಇನ್ನೊಂದು ದಿನ ಕೇಳೋಣ ಅನ್ನಿಸ್ತು. ತಪ್ಪಾಯ್ತು. ಬೈಯೋದಾದ್ರೆ ನನ್ನ ಬೈ."

ಅವಳು ಮತ್ತೆ ಗಾಡಿ ಸ್ಟಾರ್ಟ್ ಮಾಡಿದಳು. 'ಎಂಥ ಮಾತಾಡಿಬಿಟ್ಟೆ... ಅವನು ನನ್ನ ಮುಖ ನೋಡ್ತಾನಾ?' ಅಷ್ಟು ದೊಡ್ಡ ಗಾಡಿಯನ್ನು ಅಷ್ಟು ಚಿಕ್ಕ ತಿರುವಿನಲ್ಲಿ ಅವಳು ಹೇಗೆ ಹಿಂದಕ್ಕೆ ತಿರುಗಿಸಿದಳೋ, ಹಿಂದಿದ್ದ ಲಾರಿಯವನನ್ನೇ ಕೇಳಬೇಕು. ಅವನು ಹಾರ್ನ್ ಮೇಲಿಂದ ಕೈ ತೆಗೆದಿರಲಿಲ್ಲ.

ಶೆಡ್ಡಿನ ಮುಂದೆ ಆ ಹುಡುಗ ಯಾವುದೋ ಗಾಡಿಯ ಬಾಗಿಲು ಬಿಚ್ಚುತ್ತಿದ್ದ. ಇವಳನ್ನು ಕಂಡೊಡನೆ ಎದ್ದು ನಿಂತ.

"ಮತ್ತೆ ಕಿತ್ತೋಯ್ತಾ?"

"ಇಲ್ಲ. ಚಿಕ್ಕಮ್ಮ ಎಲ್ಲಾ ಹೇಳಿದ್ರು." "ನನ್ನ ಕ್ಷಮಿಸಿ. ಒಂದು ಮಾತು ಹೇಳಬಾರದಿತ್ತಾ?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಪಕ್ಕಕ್ಕಿಟ್ಟ.

"ನೀವು ಅಂದುಕೊಂಡಷ್ಟು ಒಳ್ಳೆಯವನಲ್ಲ ನಾನು. ಮೊದಲ ಸಲ ತೇಪೆ ಎದ್ದಾಗಲೇ ಯಾರೋ ತುಳಿದಿದ್ದಾರೆ ಅಂತ ಗೊತ್ತಾಗಿತ್ತು. ಆವತ್ತೇ ಬಾಗಿಲಿಗೆ ಅಡ್ಡ ಹಲಗೆ ಇಟ್ಟಿದ್ರೆ ಮುಗೀತಿತ್ತು. ಇಡಲಿಲ್ಲ. ಇನ್ನೊಂದು ಸಂಜೆ ನಿಮ್ಮ ಜೊತೆ ಕೂರೋ ಆಸೆ. ಅದಕ್ಕೇ ತಪ್ಪು ನನ್ನದೇ ಅಂದಿದ್ದು. ಸುಳ್ಳಲ್ಲ ಅದು."

ಅವಳು ಅವನನ್ನೇ ನೋಡಿದಳು. ಈ ಸಲ ಕೋಪ ಬರಲಿಲ್ಲ. ಕಾಯಿಸಿದ್ದನ್ನು ಕಾಯಿಸಿದೆ ಅಂತ ಒಪ್ಪಿಕೊಂಡ ಮೊದಲ ಗಂಡಸು ಇವನು.

"ಇನ್ನೊಂದು ಸಲ ನನ್ನ ನಿಲ್ಲಿಸಬೇಕು ಅನ್ನಿಸಿದ್ರೆ ಬಾಯಿಬಿಟ್ಟು ಕೇಳು," ಅಂದಳು. ನೀವು ಹೋಗಿ ನೀನು ಬಂದದ್ದು ಅವಳಿಗೇ ತಿಳಿಯಲಿಲ್ಲ.

"ಕೇಳಿದ್ರೆ ನಿಲ್ತೀಯಾ?"

"ಕೇಳಿ ನೋಡು."

"ನೀನಂದ್ರೆ ನನಗಿಷ್ಟ. ಇವತ್ತು ಹೋಗಬೇಡ."

ಅವಳು ಕಣ್ಣೀರು ಒರೆಸಿಕೊಳ್ಳಲಿಲ್ಲ. "ನಿನ್ನನ್ನ ನೋಡದೆ ಇರೋಕೆ ನನಗೂ ಆಗಲ್ಲ. ಆದರೆ ಸೋಮವಾರ ಡ್ಯೂಟಿ ಇದೆ."

"ನಾಳೆ ಸಂಜೆ ನಾನೇ ಗಾಡಿ ಓಡಿಸ್ಕೊಂಡು ಬಂದು ಬಿಡ್ತೀನಿ."

"ವಾಪಸ್ ಹೇಗೆ ಬರ್ತೀಯ?"

"ಅದನ್ನ ಇನ್ನೂ ಯೋಚನೆ ಮಾಡಿಲ್ಲ."

ಅವಳು ಮಸಿ ಮೆತ್ತಿದ ಅವನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.

"ಮಾಡಬೇಡ," ಅಂದಳು.