ಮೇಲಿಂದ ತಳ್ಳಿದ್ರು

ಮರಗೆಲಸದ ಅಂಗಡಿಯ ಯಜಮಾನ ಬೆಳಬೆಳಗ್ಗೆ ತನ್ನದೇ ಮನೆಯ ಮೆಟ್ಟಿಲ ಬುಡದಲ್ಲಿ ಬಿದ್ದಿದ್ದ. ಮೇಲೆ ಮನೆ, ಕೆಳಗೆ ಅಂಗಡಿ. ತಲೆಯಿಂದ ಹರಿದ ರಕ್ತ ಮರದ ಹೊಟ್ಟಿನಲ್ಲಿ ಇಂಗಿತ್ತು. ಜೀವ ಇನ್ನೂ ಇತ್ತು.

ಆಸ್ಪತ್ರೆಯಲ್ಲಿ ಡಾಕ್ಟರ್ ಬಗ್ಗಿ ಕೇಳಿದರು. "ಏನಾಯ್ತು?"

"ಮೇಲಿಂದ ತಳ್ಳಿದ್ರು."

ಅಷ್ಟೇ. ಪ್ರಾಣ ಹೋಯಿತು.

"ತಳ್ಳಿದ್ರು ಅಂದ್ರೆ ಬಹುವಚನ," ಎಂದರು ಠಾಣೆಯಲ್ಲಿ ದೊಡ್ಡ ಸಾಹೇಬರು. "ಮೂವರು ಕೆಲಸದವರೂ ಹಿಂದಿನ ದಿನ ಅವನ ಜೊತೆ ಜಗಳ ಆಡಿದ್ದಾರೆ. ಮನೆ ಒಳಗೆಲ್ಲ ಓಡಾಡಿಕೊಂಡಿದ್ದೋರು. ಸಾಯೋನ ಮಾತಿಗೆ ಕೋರ್ಟಲ್ಲಿ ತೂಕ ಜಾಸ್ತಿ. ಇನ್ನೇನು ಬೇಕು?"

ಮೂವರೂ ಲಾಕಪ್ ಸೇರಿದರು. ಇನ್‌ಸ್ಪೆಕ್ಟರ್ ಮೇಡಂಗೆ ಮಾತ್ರ ಸಮಾಧಾನವಿಲ್ಲ.

* * *

ಮೆಟ್ಟಿಲು ಕಡಿದಾಗಿತ್ತು. ಅದರ ತುದಿಯಲ್ಲಿ, ಮನೆಯ ಬಾಗಿಲ ಮುಂದೆ, ಅಂಗೈಯಗಲದ ಜಾಗ. ಮೇಡಂ ಅಲ್ಲಿ ನಿಂತು, ಕಾನ್‌ಸ್ಟೇಬಲ್‌ನನ್ನು ತಮ್ಮ ಪಕ್ಕ ನಿಲ್ಲಲು ಕರೆದರು. ಅವನ ಹೊಟ್ಟೆಯೇ ಅಡ್ಡ ಬಂತು. ಹೊಟ್ಟೆ ಇಲ್ಲದವನೂ ಅಲ್ಲಿ ಹಿಡಿಸುತ್ತಿರಲಿಲ್ಲ.

ಹಾಗಾದರೆ ತಳ್ಳಿದ್ದು ಒಬ್ಬರೇ.

ಒಳಗೆ ಸತ್ತವನ ಹೆಂಡತಿ ಮತ್ತು ಅವಳ ತಾಯಿ ಕೂತಿದ್ದರು. ಹೆಂಡತಿಯ ತೋಳಿನ ಮೇಲೆ ಪೆಟ್ಟಿನ ಗುರುತು ಕಪ್ಪಗಿತ್ತು. ಈಕೆಯೇ ಇರಬಹುದೇ? ಮೇಡಂ ಅವಳನ್ನೇ ಕೇಳಿದರು.

"ನಿಮ್ಮ ಯಜಮಾನ್ರು ಕೆಲಸದವರನ್ನ ಹೇಗೆ ಮಾತಾಡಿಸ್ತಿದ್ರು?"

"ಬಾರೋ, ಹೋಗೋ. ಅಪ್ಪನ ವಯಸ್ಸಿನವರಿಗೂ ಅಷ್ಟೇ."

"ನಿಮ್ಮನ್ನ?"

"ನಾನ್ಯಾವ ದೊಡ್ಡ ಮನುಷ್ಯಳು? ಬಾರೇ, ಹೋಗೇ. ನಾಲ್ಕು ಜನರ ಮುಂದೆ 'ಅವಳು'. ಅಮ್ಮನಿಗೊಬ್ಬರಿಗೇ ಮರ್ಯಾದೆ. ಬನ್ನಿ ಅತ್ತೆ, ಕೂತ್ಕೊಳ್ಳಿ ಅತ್ತೆ..."

ಅವಳು ಮೆಲ್ಲಗೆ ತಾಯಿಯ ಕಡೆ ತಿರುಗಿದಳು.

ಮೇಡಂ ಮುದುಕಿಯ ಎದುರು ಕೂತರು. "ಮಗಳು ತಳ್ಳಿದ್ರೆ 'ತಳ್ಳಿದ್ಲು' ಅಂತಿದ್ದ. ಕೆಲಸದವನಾಗಿದ್ರೆ 'ತಳ್ಳಿದ'. ಅಲ್ಲಿ ಇಬ್ಬರು ನಿಲ್ಲೋಕೇ ಆಗಲ್ಲ. ಅವನು 'ತಳ್ಳಿದ್ರು' ಅಂದಿದ್ದು ತುಂಬಾ ಜನ ಇದ್ರು ಅಂತಲ್ಲ ಅಮ್ಮಾ. ಮರ್ಯಾದೆ ಕೊಟ್ಟು ಅಂದಿದ್ದು."

ಮುದುಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಅವತ್ತು ಎದ್ದ ತಕ್ಷಣ ಇವಳನ್ನ ಮತ್ತೆ ಹೊಡೆದ. ಇವಳು ಬಚ್ಚಲಲ್ಲಿ ಅಳ್ತಿದ್ಲು. ಸಾಕಪ್ಪಾ ಅಂದೆ. 'ನೀವು ಒಳಗೆ ಹೋಗಿ ಅತ್ತೆ' ಅಂತ ಮೆಟ್ಟಿಲಿಳಿಯೋಕೆ ತಿರುಗಿದ. ಕೈ ನನ್ನ ಮಾತು ಕೇಳಲಿಲ್ಲ."

"ತಪ್ಪು ಮಾಡದ ಮೂರು ಜನ ಒಳಗಿದ್ದಾರೆ. ಅದು ಗೊತ್ತಿತ್ತಲ್ಲ?"

"ಗೊತ್ತಿತ್ತು. ನಿನ್ನೆ ಅವರಲ್ಲೊಬ್ಬನ ತಾಯಿ ಇಲ್ಲಿಗೇ ಬಂದಿದ್ಲು. ನನ್ನ ಮಗ ಅಂಥವನಲ್ಲ, ನೀವಾದ್ರೂ ಹೇಳಿ ಅಂತ ಕಾಲು ಹಿಡಿದ್ಲು. ಕೂರಿಸಿ ನೀರು ಕೊಟ್ಟೆ. ದೇವರಿದ್ದಾನೆ ಅಂತ ಬೆನ್ನು ಸವರಿ ಕಳಿಸ್ದೆ."

ತಾಯಿಯ ಕೈ ಹಿಡಿಯಲು ಹೋದ ಮಗಳು ತನ್ನ ಕೈ ಹಿಂದೆಗೆದುಕೊಂಡಳು.