ಉಪ್ಪುಕಾಗದದ ಹೆಂಗಸು

"ಹನ್ನೊಂದನೇ ಪೆಟ್ಟಿಗೆ ಒಂದು ಬಿಟ್ಟುಬಿಡಿ ಮಾರಾಯರೇ. ಲಿಸ್ಟಿನಲ್ಲಿ ಹೆಸರು ಬರೆದುಕೊಳ್ಳಿ, ಬಿಚ್ಚಲಿಕ್ಕೆ ಹೋಗಬೇಡಿ" ಎಂದು ಡೊಮಿನಿಕ್ ಹೇಳಿದಾಗ ಯಶೋಧರ ನಕ್ಕುಬಿಟ್ಟ.

ಡೊಮಿನಿಕ್ ನಗಲಿಲ್ಲ. ಕುವೈತಿನ ಅಹ್ಮದಿಯ ಆ ಹಳೆಯ ಬಂಗಲೆಯಲ್ಲಿ ಹದಿನೆಂಟು ವರ್ಷ ಅಡುಗೆ, ಕಾವಲು ಎರಡನ್ನೂ ನೋಡಿಕೊಂಡು ಬಂದ ಕಿನ್ನಿಗೋಳಿಯ ಮನುಷ್ಯ ಅವನು. ಇರಾಕಿ ಸೈನ್ಯ ಏಳು ತಿಂಗಳು ಊರು ಹಿಡಿದು ಕೂತಿದ್ದಾಗಲೂ ಮನೆ ಬಿಟ್ಟು ಕದಲಿರಲಿಲ್ಲ. ಬಂದೂಕಿಗೆ ಹೆದರದ ಆ ಮನುಷ್ಯ ಮರದ ಒಂದು ಪೆಟ್ಟಿಗೆಯಿಂದ ಮಾರು ದೂರ ನಿಂತು ಮಾತಾಡುತ್ತಿದ್ದ.

"ಅದರಲ್ಲಿ ಎಂತ ಉಂಟು?"

"ಒಂದು ಹೆಂಗಸಿನ ನೆಗೆಟಿವ್. ಮಾಟದ್ದು."

"ತೆಂಗಿನಕಾಯಿ, ನಿಂಬೆಹಣ್ಣು ಇಟ್ಟು ಮಾಟ ಮಾಡುವವರನ್ನು ಊರಲ್ಲಿ ಕಂಡಿದ್ದೇನೆ. ಇಂಗ್ಲಿಷರು ಫೋಟೋದಲ್ಲಿ ಮಾಡ್ತಾರಾ?" ಎಂದ ಯಶೋಧರ.

೧೯೯೧ರ ಜೂನ್ ತಿಂಗಳು. ಸೋತು ಓಡಿದ ಸೈನ್ಯ ಎಣ್ಣೆಬಾವಿಗಳಿಗೆ ಹಚ್ಚಿದ ಬೆಂಕಿ ನಾಲ್ಕನೇ ತಿಂಗಳಿಗೂ ಆರಿರಲಿಲ್ಲ. ಗಾಳಿ ಈ ಕಡೆ ತಿರುಗಿತೆಂದರೆ ಬೆಳಿಗ್ಗೆ ಹನ್ನೊಂದಕ್ಕೇ ದೀಪ ಹಾಕಬೇಕು. ಸುಟ್ಟ ಎಣ್ಣೆಯ ಕಮಟು ಅನ್ನಕ್ಕೂ ದಿಂಬಿಗೂ ಅಂಟಿಕೊಂಡಿತ್ತು. ದಕ್ಷಿಣ ದಿಕ್ಕಿನಿಂದ ಬಾವಿಗಳು ಮೊರೆಯುವ ಸದ್ದು ಹಗಲಿರುಳೂ ನಿಲ್ಲುತ್ತಿರಲಿಲ್ಲ. ಕುವೈತಿಗೆ ಬಂದು ಮೂರು ವಾರವಾದರೂ ಯಶೋಧರನಿಗೆ ಒಂದು ಕಡೆ ಕೂತು ಚಹಾ ಕುಡಿಯುವಷ್ಟು ನೆಮ್ಮದಿ ಸಿಕ್ಕಿರಲಿಲ್ಲ. ಎದ್ದರೆ ಕೂರಬೇಕು, ಕೂತರೆ ಏಳಬೇಕು ಅನಿಸುತ್ತಿತ್ತು.

ಮಂಗಳೂರಿನ ಸ್ಟುಡಿಯೋ ಒಂದರಲ್ಲಿ ಅವನು ಹನ್ನೊಂದು ವರ್ಷ ನೆಗೆಟಿವ್ ತಿದ್ದುವ ಕೆಲಸ ಮಾಡಿದ್ದ. ಸೂಜಿಮೊನೆಯಂಥ ಪೆನ್ಸಿಲಿನಲ್ಲಿ ಮದುಮಗಳ ಮೊಡವೆ, ಮುದುಕರ ಸುಕ್ಕು ಅಳಿಸಿ ಅನ್ನ ತಿಂದವನು. ಅವನ ಆಸ್ತಿಯೆಂದರೆ ಎರಡು ಕಣ್ಣು. ಆ ಕಣ್ಣಿನ ಹೆಸರು ಕೇಳಿಯೇ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಯಾಕಿಂಗ್ ಕಂಪನಿ ಅವನಿಗೆ ವೀಸಾ ಕೊಟ್ಟು ಕರೆಸಿತ್ತು. ಬಂಗಲೆಯಲ್ಲಿದ್ದ ವಿಟ್‌ಕೊಂಬ್ ಎಂಬ ಇಂಗ್ಲಿಷ್ ಎಂಜಿನಿಯರ್ ಮೂವತ್ತು ವರ್ಷ ತನ್ನ ದೇಶದ ಮೊಟ್ಟಮೊದಲ ಫೋಟೋಗಳನ್ನು ಹುಡುಕಿ ಹುಡುಕಿ ಕೂಡಿಟ್ಟಿದ್ದ. ಗಾಜು, ಫಿಲ್ಮು ಬರುವ ಮುಂಚಿನ ಕಾಲದವು. ಕಾಗದವೇ ನೆಗೆಟಿವ್, ಕಾಗದವೇ ಚಿತ್ರ. ಇಗರ್ಜಿ ಗೋಪುರಗಳು, ಹಾಯಿಹಡಗುಗಳು, ಅಲುಗಾಡಬಾರದೆಂದು ಉಸಿರು ಕಟ್ಟಿ ಕೂತ ಮನುಷ್ಯರು. ಯುದ್ಧಕ್ಕೆ ಮುಂಚೆ, ಜುಲೈಯಲ್ಲಿ, ವಿಟ್‌ಕೊಂಬ್ ಚಿಕಿತ್ಸೆಗೆಂದು ಊರಿಗೆ ಹೋದವನು ಅಲ್ಲೇ ತೀರಿಕೊಂಡ. ಲಂಡನ್ನಿನಲ್ಲಿದ್ದ ಅವನ ತಂಗಿ ಎಲ್ಲವನ್ನೂ ಮಾರುವವಳಿದ್ದಳು. ಮಸಿ ಒರೆಸಿ, ಪಟ್ಟಿ ಮಾಡಿ, ಪ್ರತಿ ನೆಗೆಟಿವ್‌ನಿಂದ ಒಂದೊಂದು ಪ್ರಿಂಟ್ ತೆಗೆದು ಮೊದಲು ಕಳಿಸಿಕೊಡಿ ಎಂದು ಕಂಪನಿಗೆ ಬರೆದಿದ್ದಳು.

"ಪ್ರತಿ ನೆಗೆಟಿವ್ ಅಂದರೆ ಪ್ರತಿ ನೆಗೆಟಿವ್" ಎಂದು ಯಶೋಧರ ಹನ್ನೊಂದನೇ ಪೆಟ್ಟಿಗೆಯ ಕಪ್ಪು ಬಟ್ಟೆ ಬಿಚ್ಚಿದ.

ಒಳಗೆ ಮೇಣ ಹಚ್ಚಿದ ಒಂದೇ ಒಂದು ಹಾಳೆ. ಕಿಟಕಿಗೆ ಹಿಡಿದರೆ ಕುರ್ಚಿಯಲ್ಲಿ ಕೂತ ಹೆಂಗಸು. ಬಿಳಿಯೆಲ್ಲ ಕಪ್ಪು, ಕಪ್ಪೆಲ್ಲ ಬಿಳಿ. ಎರಡೂ ಕಣ್ಣು ಮುಚ್ಚಿದ್ದವು. ಮೇಣದೊಳಗೆ ಉದ್ದದ ಕೂದಲುಗಳನ್ನು ಬೇಕೆಂದೇ ಸುತ್ತಿ ಸುತ್ತಿ ಇಟ್ಟಂತಿತ್ತು. ಬೆರಳಿನ ಬಿಸಿಗೆ ಸುಟ್ಟ ಕೂದಲಿನ ವಾಸನೆ ಎದ್ದಿತು. ಹಿಂಬದಿಯಲ್ಲಿ ಮಾಸಿದ ಮಸಿಯಲ್ಲಿ ಇಂಗ್ಲಿಷಿನ ಒಂದು ಸಾಲು: ನನ್ನ ಪಟ ತೆಗೆಯುವವರ ಕಣ್ಣು ನನಗಿರಲಿ.

ಡೊಮಿನಿಕ್ ಶಿಲುಬೆಯ ಗುರುತು ಹಾಕಿಕೊಂಡು ಅಡುಗೆಮನೆಗೆ ಹೋದ.

ಮರುದಿನ ಗಾಳಿ ತಿರುಗಿ ಬಿಸಿಲು ಬಿತ್ತು. ವಿಟ್‌ಕೊಂಬ್‌ನ ಡಾರ್ಕ್‌ರೂಮಿನಲ್ಲಿ ಬೇಕಾದ್ದೆಲ್ಲ ಇತ್ತು. ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿದ ಕಾಗದಕ್ಕೆ ಬೆಳ್ಳಿಯ ದ್ರಾವಣ ಬಳಿದು, ನೆಗೆಟಿವ್ ಮೇಲಿಟ್ಟು, ಗಾಜಿನ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗಿಟ್ಟರೆ ಸಾಕು. ಚಿತ್ರ ತಾನಾಗಿ ಮೂಡುತ್ತದೆ. ಆಮೇಲೆ ಹೈಪೋ ನೀರಿನಲ್ಲಿ ತೊಳೆದು ಅದನ್ನು ಗಟ್ಟಿ ಮಾಡಬೇಕು. ತೊಳೆಯದಿದ್ದರೆ ಬೆಳಕು ಬಿದ್ದಷ್ಟೂ ಕಾಗದ ಕಪ್ಪಾಗುತ್ತ ಹೋಗಿ ಚಿತ್ರ ಮುಳುಗಿಬಿಡುತ್ತದೆ. ಆ ದಿನ ಯಶೋಧರ ಇಪ್ಪತ್ತಮೂರು ಪ್ರಿಂಟ್ ತೆಗೆದ. ಹೆಂಗಸಿನದು ಕೊನೆಯದು. ಎಲ್ಲವನ್ನೂ ಹೈಪೋದಲ್ಲಿ ತೊಳೆದು, ಸಾಲಾಗಿ ಒಣಗಿಸಿ, ಸಂಜೆಯೇ ಕೊರಿಯರ್‌ಗೆ ಕೊಟ್ಟ.

ಲಕೋಟೆಗೆ ಹಾಕುವಾಗ ಒಮ್ಮೆ ನೋಡಿದ್ದ. ಅವಳ ಎಡಗಣ್ಣು ತೆರೆದಿತ್ತು.

ನೆಗೆಟಿವ್‌ನಲ್ಲಿ ಮುಚ್ಚಿದ ಕಣ್ಣು ಪ್ರಿಂಟಿನಲ್ಲಿ ತೆರೆಯಲು ಸಾಧ್ಯವಿಲ್ಲ. ಮೇಣ ಎಲ್ಲೋ ಬಿರುಕು ಬಿಟ್ಟಿರಬೇಕು ಎಂದುಕೊಂಡ. ಮೂರನೇ ದಿನ ಅವನ ಎಡಗಣ್ಣಿಗೆ ಮಂಜು ಕವಿಯಿತು. ಐದನೇ ದಿನ ಅದರಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಹೊಗೆ. ಎಲ್ಲರಿಗೂ ಇದೇ ಕಂಪ್ಲೇಂಟು" ಎಂದು ಡ್ರಾಪ್ಸ್ ಬರೆದುಕೊಟ್ಟರು.

ಯಶೋಧರನಿಗೆ ನಿದ್ದೆ ಹತ್ತಲಿಲ್ಲ. ಕಣ್ಣಿಗಿಂತ ಹೆಚ್ಚಾಗಿ ಆ ತೆರೆದ ರೆಪ್ಪೆ ಅವನನ್ನು ಕೊರೆಯುತ್ತಿತ್ತು. ತನ್ನ ಕೈಯಿಂದ ತಪ್ಪಾಗಿದೆಯೇ, ಇಲ್ಲವೇ? ದಿನಕ್ಕೆ ಹತ್ತು ಸಲ ನೆಗೆಟಿವ್ ಕಿಟಕಿಗೆ ಹಿಡಿದ. ಎರಡೂ ಕಣ್ಣು ಮುಚ್ಚಿಯೇ ಇದ್ದವು. ಇನ್ನೊಂದು ಪ್ರಿಂಟ್ ತೆಗೆದರೆ ಗೊತ್ತಾಗುತ್ತದೆ. ಬೇಡ ಎಂದುಕೊಂಡು ಅಂಗಳಕ್ಕೆ ಹೋದ. ತಿರುಗಿ ಬಂದ. ಮತ್ತೆ ಹೋದ. ಹತ್ತನೇ ದಿನ, ಡೊಮಿನಿಕ್ ರೊಟ್ಟಿ ತರಲು ಹೋದ ಹೊತ್ತಿನಲ್ಲಿ, ಚೌಕಟ್ಟನ್ನು ಬಿಸಿಲಿಗಿಟ್ಟ.

ಇಪ್ಪತ್ತು ನಿಮಿಷ. ಒಳಗೆ ತಂದು, ಮಬ್ಬಿನಲ್ಲಿ ಕಾಗದದ ಮೂಲೆ ಎತ್ತಿದ.

ಎಡಗಣ್ಣು ಪೂರ್ತಿ ತೆರೆದಿತ್ತು. ಬಲಗಣ್ಣಿನ ರೆಪ್ಪೆಯಡಿ ಬಿಳಿ ಗೆರೆ. ಅವನು ನೋಡುತ್ತಿದ್ದಂತೆ ಗೆರೆ ಅಗಲವಾಯಿತು. ಅಷ್ಟಕ್ಕೇ ಕೋಣೆಯ ಬಲಬದಿ ಕರಗತೊಡಗಿತು. ಬಾಗಿಲು ಮಸುಕಾಯಿತು. ಗೋಡೆ ಮಸುಕಾಯಿತು. ಸುಟ್ಟ ಕೂದಲಿನ ವಾಸನೆ ಗಂಟಲಿಗಿಳಿಯಿತು. ಯಶೋಧರ ತಡವರಿಸುತ್ತ ಹೈಪೋ ತೊಟ್ಟಿಯತ್ತ ಹೋದ. ಹನ್ನೊಂದು ವರ್ಷದ ಅಭ್ಯಾಸ. ಚಿತ್ರ ಮೂಡಿತೆಂದರೆ ಕೈ ತಾನಾಗಿ ಹೈಪೋಗೆ ಹೋಗುತ್ತದೆ.

"ಅದ್ದಬೇಡಿ."

ಬಾಗಿಲಲ್ಲಿ ಡೊಮಿನಿಕ್. ರೊಟ್ಟಿಯ ಚೀಲ ಕೆಳಗೆ ಬಿದ್ದಿತ್ತು.

"ಸಾಹೇಬರು ಎರಡು ತೆಗೆದಿದ್ದರು" ಎಂದ ಅವನು. "ಒಂದಕ್ಕೆ ಒಂದು ಕಣ್ಣು. ಎರಡನ್ನೂ ತೊಳೆದು ಗಟ್ಟಿ ಮಾಡಿಬಿಟ್ಟೆ ಡೊಮಿನಿಕ್, ತೊಳೆಯದಿದ್ದರೆ ಉಳಿಯುತ್ತಿದ್ದೆ ಅಂತ ಅತ್ತರು. ನಾನೇ ಕೈಹಿಡಿದು ವಿಮಾನಕ್ಕೆ ಹತ್ತಿಸಿದೆ. ಅಲ್ಲಿ ಹೋಗಿ ಎರಡನ್ನೂ ಸುಟ್ಟರಂತೆ. ಸುಟ್ಟ ದಿನವೇ ಹೋದರು."

"ಯಾರು ಇವಳು?"

"ಮಾರ್ಥಾ ಅಂತ. ಸಾಹೇಬರ ನೋಟ್‌ಬುಕ್‌ನಲ್ಲಿ ಉಂಟು. ಗಂಡ ಫೋಟೋ ತೆಗೆಯುವವ. ಬೆಳ್ಳಿನೀರು ಕಲಸುವುದು, ಕಾಗದ ಮಾಡುವುದು ಎಲ್ಲ ಇವಳು. ಒಂದು ದಿನ ಅದೇ ನೀರು ಕಣ್ಣಿಗೆ ಹಾರಿ ಕುರುಡಾದಳು. ಗಂಡ ಬೇರೊಬ್ಬಳನ್ನು ಕೆಲಸಕ್ಕಿಟ್ಟುಕೊಂಡ, ಆಮೇಲೆ ಮನೆಗೂ ತಂದ. ಇವಳ ತಾಯಿಯ ಕಡೆಯವರು ಮಂತ್ರ ಮಾಡುವವರು. ಕೊನೆಗೊಮ್ಮೆ ನನ್ನ ಪಟ ತೆಗೆ ಅಂತ ಗಂಡನನ್ನೇ ಕೇಳಿದಳು. ಮೇಣ ಇವಳೇ ಹಚ್ಚಿದ್ದು, ತನ್ನ ಕೂದಲು ಹಾಕಿ. ಮೊದಲು ಕಣ್ಣು ಹೋದದ್ದು ಅವನದೇ."

ಯಶೋಧರನಿಗೆ ಡೊಮಿನಿಕ್‌ನ ಮುಖ ಕಾಣುತ್ತಿರಲಿಲ್ಲ. ಬೂದುಬಣ್ಣದ ಒಂದು ಆಕಾರ ಮಾತಾಡುತ್ತಿತ್ತು. ಆದರೆ ತಲೆ ಓಡಿತು. ತೊಳೆಯದ ಕಾಗದ ಬಿಸಿಲಿಗೆ ಬಿದ್ದರೆ ಕಪ್ಪಾಗುತ್ತದೆ. ಅವಳು ಅದರಲ್ಲಿ ಮುಳುಗಬೇಕು. ಕಾಗದವನ್ನು ಎದೆಗವಚಿಕೊಂಡು ಅಂಗಳಕ್ಕೆ ಓಡಿದ.

ಬಿಸಿಲಿರಲಿಲ್ಲ.

ಗಾಳಿ ತಿರುಗಿತ್ತು. ಹೊಗೆ ಗೋಡೆಯಂತೆ ಬಂದು ಅಹ್ಮದಿಯ ಮೇಲೆ ಮಗುಚಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಬೀದಿದೀಪ ಹೊತ್ತಿದ್ದವು. ಮುಖದ ಮೇಲೆ ಜಿಡ್ಡು ಹನಿ ಬಿತ್ತು. ಆ ಕತ್ತಲಿಗೆ ಕಾಗದ ಕಪ್ಪಾಗುವುದಿಲ್ಲ. ಆದರೆ ರೆಪ್ಪೆ ತೆರೆಯುವುದು ನಿಂತಿರಲಿಲ್ಲ.

"ಉತ್ತರಕ್ಕೆ ಹೋದರೆ ಆಕಾಶ ಇರುತ್ತದೆ. ಶುವೈಖ್‌ಗೆ" ಎಂದ ಯಶೋಧರ.

ಡೊಮಿನಿಕ್ ಪಿಕಪ್ ತೆಗೆದ. ಕಾಗದ ಯಶೋಧರನ ಮಡಿಲಿನಲ್ಲಿತ್ತು, ಕಪ್ಪು ಲಕೋಟೆಯಲ್ಲಿ. ಲಕೋಟೆಯೊಳಗೆ ಏನೋ ಸಣ್ಣಗೆ ಕೆರೆದಂತೆ ಸದ್ದು. ರೆಪ್ಪೆಗೂದಲು ಕಾಗದಕ್ಕೆ ಉಜ್ಜಿದ ಹಾಗೆ. ಒಂದು ಸಲ. ಇನ್ನೊಂದು ಸಲ. ಯಶೋಧರ ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಬಾಯಲ್ಲಿ ಹೇಳುತ್ತ ಹೋದ. ಬೋರ್ಡು ಕಾಣುತ್ತದೆ. ಬೋರ್ಡಿನ ಅಕ್ಷರ ಕಾಣುವುದಿಲ್ಲ. ಲಾರಿ ಕಾಣುತ್ತದೆ. ಲಾರಿಯೂ ಕಾಣುವುದಿಲ್ಲ.

ಚೆಕ್‌ಪೋಸ್ಟಿನಲ್ಲಿ ಸೈನಿಕ ಕೈ ಅಡ್ಡ ಹಾಕಿದ. "ಇಕಾಮಾ." ಇಬ್ಬರೂ ವಾಸದ ಪರವಾನಗಿ ಕಾರ್ಡು ತೋರಿಸಿದರು. ಸೈನಿಕ ಲಕೋಟೆಯತ್ತ ಬೆರಳು ಮಾಡಿ ತೆರೆಯಲು ಹೇಳಿದ.

"ಫೋಟೋ ಪೇಪರ್, ಸದೀಕ್. ಬೆಳಕು ಬಿದ್ದರೆ ಖಲಾಸ್" ಎಂದ ಡೊಮಿನಿಕ್, ಅರಬಿಯಲ್ಲಿ ಗೆಳೆಯಾ ಎಂದು ಕರೆದು.

ಸೈನಿಕ ಕೈ ಒಳಗೆ ಹಾಕಿ ಅದನ್ನು ಎಳೆದ. ಟಾರ್ಚ್ ಹಾಕಿ ನೋಡಿದ. ಅವನ ಬಾಯಿ ಅರ್ಧ ತೆರೆದು ಹಾಗೇ ನಿಂತಿತು. ಕಾಗದವನ್ನು ಯಶೋಧರನ ಮಡಿಲಿಗೆಸೆದು ಎರಡು ಹೆಜ್ಜೆ ಹಿಂದೆ ಸರಿದು, "ಯಲ್ಲಾ, ಯಲ್ಲಾ" ಎಂದು ಹೋಗಲು ಕೈಬೀಸಿದ.

ಶುವೈಖ್ ಮುಟ್ಟುವಾಗ ಯಶೋಧರನಿಗೆ ಏನೂ ಕಾಣುತ್ತಿರಲಿಲ್ಲ. ಕೆನ್ನೆಗೆ ಬಿಸಿ ತಾಕಿತು. ಬಿಸಿಲು. ಗ್ಯಾರೇಜೊಂದರ ಮುಂದೆ ಪಿಕಪ್ ನಿಂತಿತು. ಡೊಮಿನಿಕ್ ಕೈಹಿಡಿದು ಇಳಿಸಿದ. ಕಾದ ಬಾನೆಟ್ಟಿನ ಮೇಲೆ ಯಶೋಧರ ಕಾಗದ ಹರಡಿ ಎರಡೂ ಅಂಗೈಯಿಂದ ಅಂಚು ಒತ್ತಿ ಹಿಡಿದ. ತಗಡು ಸುಟ್ಟಿತು. ಬಿಡಲಿಲ್ಲ. ಕಾಗದ ಕೈಕೆಳಗೆ ಮೀನಿನಂತೆ ಒದ್ದಾಡಿತು. ಬಿಡಲಿಲ್ಲ.

"ಏನಾಗ್ತಾ ಉಂಟು? ಹೇಳಿ."

"ಕಂದು ಬಣ್ಣ ಬರ್ತಾ ಉಂಟು. ಬಟ್ಟೆ ಹೋಯಿತು. ಕೈ ಹೋಯಿತು."

"ಕಣ್ಣು?"

ಡೊಮಿನಿಕ್‌ನ ಚಪ್ಪಲಿ ಹಿಂದಕ್ಕೆ ಸರಿದ ಸದ್ದಾಯಿತು.

"ಕಣ್ಣು, ಡೊಮಿನಿಕ್?"

"ನಿಮ್ಮನ್ನೇ ನೋಡ್ತಾ ಉಂಟು."

ಅಂಗೈ ಚರ್ಮ ಸುಲಿಯಿತು. ಗ್ಯಾರೇಜಿನವರು ಸುತ್ತ ನಿಂತು ಏನೋ ಕೇಳುತ್ತಿದ್ದರು. ಒಂದು ನಿಮಿಷ. ಎರಡು. ಹತ್ತು. ಒದ್ದಾಟ ನಿಧಾನವಾಯಿತು. ನಿಂತಿತು. ಮೊದಲು ಕಂಡದ್ದು ಬಾನೆಟ್ಟಿನ ಕೆಂಪು. ಆಮೇಲೆ ತನ್ನದೇ ಬೊಬ್ಬೆ ಎದ್ದ ಕೈ. ಅದರ ನಡುವೆ ಚಾಕೊಲೇಟ್ ಬಣ್ಣಕ್ಕೆ ತಿರುಗಿದ ಒಂದು ಹಾಳೆ. ಅದರಲ್ಲಿ ಯಾರೂ ಇರಲಿಲ್ಲ.

ನೆಗೆಟಿವನ್ನು ಮರುದಿನ ಡೊಮಿನಿಕ್ ಕಲ್ಲು ಕಟ್ಟಿ ಫಹಾಹೀಲಿನ ಸಮುದ್ರಕ್ಕೆ ಹಾಕಿ ಬಂದ. ಬಲಗಣ್ಣು ಉಳಿಯಿತು. ಎಡಗಣ್ಣು ಬರಲಿಲ್ಲ; ಅದು ಲಂಡನ್ನಿಗೆ ಹೋದ ಪ್ರಿಂಟಿನಲ್ಲಿ ಗಟ್ಟಿಯಾಗಿ ಕೂತಿತ್ತು. ವಿಟ್‌ಕೊಂಬ್‌ನ ಗತಿ ಗೊತ್ತಿದ್ದ ಮೇಲೆ ಸುಟ್ಟುಬಿಡಿ ಎಂದು ಬರೆಯುವ ಹಾಗೂ ಇರಲಿಲ್ಲ. ಒಂಟಿಕಣ್ಣಿನಲ್ಲಿ ಪೆನ್ಸಿಲಿನ ಮೊನೆ ಎಲ್ಲಿ ಮುಟ್ಟುತ್ತದೆಂದು ತಿಳಿಯುವುದಿಲ್ಲ. ಕಂಪನಿ ಅವನನ್ನು ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಹಾಕಿತು. ಊರಲ್ಲಿದ್ದ ಹೆಂಡತಿ ರಾಜೀವಿಗೆ ಫೋನಿನಲ್ಲಿ, ಹೊಗೆಯಿಂದ ಹೀಗಾಯಿತು ಎಂದಷ್ಟೇ ಹೇಳಿದ.

ನವೆಂಬರಿನಲ್ಲಿ ಕೊನೆಯ ಬಾವಿಯ ಬೆಂಕಿಯೂ ಆರಿತು. ಒಂದು ಶುಕ್ರವಾರ ಬೆಳಿಗ್ಗೆ ಬಂಗಲೆಯ ಟೆರೇಸಿನಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ಬಿಸಿಲು ಬಲಗಣ್ಣಿಗೆ ಚುಚ್ಚಿತು. ಯಶೋಧರ ಕಣ್ಣು ಮುಚ್ಚಿದ. ಎಡಗಡೆ ಕತ್ತಲಿರಬೇಕಿತ್ತು. ಇರಲಿಲ್ಲ. ಎತ್ತರದ ಕಿಟಕಿ. ಕಿಟಕಿಯಾಚೆ ಸಣ್ಣ ಮಳೆ. ಬಿಳಿಯ ಮುದುಕನೊಬ್ಬ ಬಗ್ಗಿ, ಭೂತಕನ್ನಡಿ ಹಿಡಿದು, ನೇರ ಅವನನ್ನೇ ನೋಡುತ್ತಿದ್ದ.

ಪ್ರಿಂಟಿನಲ್ಲಿ ಕೂತ ತನ್ನ ಎಡಗಣ್ಣು ಅಲ್ಲಿಂದಲೇ ನೋಡುತ್ತಿದೆ ಎಂದು ಅವನಿಗೆ ಹೊಳೆಯಿತು. ಶನಿವಾರ ಆಫೀಸಿನಿಂದ ಲಂಡನ್ನಿಗೆ ಫೋನ್ ಮಾಡಿಸಿದ. ವಿಟ್‌ಕೊಂಬ್‌ನ ತಂಗಿ, ಎಲ್ಲ ಮಾರಿಯಾಯಿತು, ಯಾರ್‍ಯಾರು ಕೊಂಡರೆಂದು ಲೆಕ್ಕವಿಟ್ಟಿಲ್ಲ ಎಂದಳು. ಆಮೇಲೆ ಅವನು ದಿನಾ ಬಲಗಣ್ಣು ಮುಚ್ಚಿ ಕೂರತೊಡಗಿದ. ಕಾಣುತ್ತಿತ್ತು; ಕೇಳುತ್ತಿರಲಿಲ್ಲ.

ಡಿಸೆಂಬರಿನ ಒಂದು ಮಧ್ಯಾಹ್ನ ಟೆರೇಸಿನಲ್ಲಿ ಹಾಗೆ ಕೂತಿದ್ದಾಗ, ಎತ್ತರದ ಕಿಟಕಿಯ ಆ ಕೋಣೆಯಲ್ಲಿ ದೀಪಗಳನ್ನು ತಂದು ನಿಲ್ಲಿಸಿದರು. ಉಣ್ಣೆಯ ಅಂಗಿ ತೊಟ್ಟ ಯುವತಿಯೊಬ್ಬಳು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಬಿಗಿದಳು. ಕಪ್ಪು ಲೆನ್ಸು ಅವನ ಕಣ್ಣಿಗೆ ನೇರವಾಗಿ ಬಂದು ನಿಂತಿತು. ಪಟದ ಪಟ ತೆಗೆಯುವವಳು. ಪುಸ್ತಕಕ್ಕೋ ಏನೋ. ಇಪ್ಪತ್ತೈದು ದಾಟದ ಮುಖ. ಯಾರೊಂದಿಗೋ ನಗುತ್ತ ಮಾತಾಡುತ್ತಿದ್ದಳು.

"ಬೇಡ" ಎಂದ ಯಶೋಧರ. ಎದ್ದು ನಿಂತ. "ತೆಗೀಬೇಡ ತಾಯಿ, ಬೇಡ."

ಕೆಳಗಿನಿಂದ ಡೊಮಿನಿಕ್ ಕೂಗಿ ಕೇಳಿದ: "ಯಾರ ಹತ್ತಿರ ಮಾತಾಡ್ತಾ ಇದ್ದೀರಿ?"

ಯುವತಿ ಕ್ಯಾಮೆರಾಕ್ಕೆ ಮುಖವಿಟ್ಟಳು. ಬೆಳಕು ಹೊಳೆಯಿತು. ತಲೆಯೆತ್ತಿ, ಎಡಗಣ್ಣನ್ನು ಒಮ್ಮೆ ಉಜ್ಜಿಕೊಂಡಳು. ಮತ್ತೆ ನಕ್ಕು, ಇನ್ನೊಂದು ಎಂದು ಬೆರಳೆತ್ತಿ ತೋರಿಸಿದಳು.